ಈ ವಾರ ಮಗು ಏನು ಕಲಿಯಿತು?

ಸೋಮವಾರ ಬೆಳಗ್ಗೆ ಹತ್ತೂಕಾಲು. ಕಲ್ಯಾಣ ಕರ್ನಾಟಕದ ಒಂದು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿವರೆಗೆ 31 ಮಕ್ಕಳು, ಎರಡು ಕೋಣೆ, ಒಬ್ಬರೇ ಟೀಚರ್. ಎರಡನೇ ತರಗತಿಯ ಹುಡುಗಿಯೊಬ್ಬಳು ನಲಿ-ಕಲಿ ಕಾರ್ಡು ಹಿಡಿದು ಟೀಚರ್ ಮುಂದೆ ನಿಂತಿದ್ದಾಳೆ. ಕಾರ್ಡಿನಲ್ಲಿರುವುದು ಒತ್ತಕ್ಷರದ ನಾಲ್ಕು ಪದ. ‘ಅಕ್ಕ’, ‘ಅಣ್ಣ’, ‘ಹಳ್ಳ’ ಸಲೀಸಾಗಿ ಬಂದವು. ನಾಲ್ಕನೆಯದು ‘ಪುಸ್ತಕ’. ಅಲ್ಲಿ ನಾಲಿಗೆ ನಿಂತಿತು. ‘ಟೀಚರ್, ಇದು ಹೆಂಗ ಓದೂದ್ರಿ?’ ಎಂದು ಕೇಳಿದಳು.

ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ ಆಗದ ಮಕ್ಕಳ ಪಟ್ಟಿ ಹನ್ನೆರಡರೊಳಗೆ ಬೇಕಂತೆ. ಕೋಣೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ‘ತಡಿಯವ್ವ, ಬಂದೆ’ ಎಂದು ಟೀಚರ್ ಬೇವಿನ ಮರದ ಕಡೆ ಹೋದರು. ಹುಡುಗಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತನ್ನ ಗುಂಪಿಗೆ ಹೋಗಿ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗುರುವಾರ ನಾವು ಮತ್ತೆ ಆ ಶಾಲೆಗೆ ಹೋದಾಗ ಅವಳ ಕೈಯಲ್ಲಿ ಅದೇ ಕಾರ್ಡಿತ್ತು.

ನಾಡಿನ ಪ್ರಾಥಮಿಕ ಶಾಲೆಗಳಲ್ಲಿ ಈ ವಾರ ಏನು ಕಲಿಸಲಾಗುತ್ತಿದೆ ಎಂದು ಕೇಳಿದರೆ ಇಲಾಖೆಯ ಬಳಿ ಉತ್ತರ ಸಿದ್ಧವಿದೆ. ವಾರ್ಷಿಕ ಕ್ರಿಯಾಯೋಜನೆ ಇದೆ, ತಿಂಗಳವಾರು ಪಾಠಗಳ ಹಂಚಿಕೆ ಇದೆ, ಯಾವ ತರಗತಿ ಯಾವ ಮೈಲಿಗಲ್ಲಿನಲ್ಲಿರಬೇಕು ಎಂಬ ಲೆಕ್ಕವೂ ಇದೆ. ಮಗು ಏನು ಕಲಿಯಿತು ಎಂದು ಕೇಳಿದರೆ ಮಾತ್ರ ಉತ್ತರ ಕೊಡಬಲ್ಲವರು ಆ ಮರದಡಿ ನಿಂತ ಟೀಚರ್ ಒಬ್ಬರೇ. ಅವರನ್ನು ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ಪಟ್ಟಿ ಕೇಳುತ್ತಾರೆ.

ಆ ಹುಡುಗಿಯ ಕೈಯಲ್ಲಿದ್ದ ಕಾರ್ಡಿಗೆ ಒಂದು ಚರಿತ್ರೆಯಿದೆ, ಅದು ಕನ್ನಡಿಗರು ಹೆಮ್ಮೆಪಡಬೇಕಾದ ಚರಿತ್ರೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಗ್ರಾಮೀಣ ಶಾಲೆಗಳ ಪ್ರಯೋಗ ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿಯನ್ನು ಕಟ್ಟಿದರು. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳಿದ್ದರೂ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದಕ್ಕೆ ಹೋಗಬೇಕು ಎಂಬುದು ಅದರ ಜೀವ. ಅದಕ್ಕಾಗಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಯ ಮೇಲೆ ಜೋಡಿಸಿದರು. ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮ ಬಿಟ್ಟು, ಬರೆಯಲು ಸುಲಭವಾದ, ಬೇಗ ಪದ ಕಟ್ಟಬಲ್ಲ ರ, ಗ, ಸ, ದ, ಅ ಅಕ್ಷರಗಳಿಂದ ಆರಂಭಿಸಿದರು. ಐದು ಅಕ್ಷರ ಬಂದ ಕೂಡಲೇ ಮಗು ‘ಸರ’, ‘ಅರಸ’, ‘ಗರಗಸ’ ಓದುತ್ತದೆ. ಓದಿದೆ ಎಂಬ ಸಂತೋಷ ಮೊದಲ ತಿಂಗಳಲ್ಲೇ ಸಿಗುತ್ತದೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ-ಬರಹ ತೂಗುಹಾಕುವ ಚಪ್ಪರ, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಬಳಿದ ಕಪ್ಪುಹಲಗೆ, ಇವೆಲ್ಲ ಮೇಲಿನಿಂದ ಇಳಿದ ಆದೇಶಗಳಲ್ಲ. ತರಗತಿಯಲ್ಲಿ ನಿಂತವರು ಯೋಚಿಸಿ ಮಾಡಿದ್ದು. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು.

ನಲಿ-ಕಲಿ ತರಗತಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಮೊದಲ ತಟ್ಟೆ, ಅರೆಬರೆ ನೆರವು ಸಾಕಾದವರು ಎರಡನೆಯದು. ಮೂರು ಮತ್ತು ನಾಲ್ಕರಲ್ಲಿ ಜೊತೆಗಾರರೇ ನೆರವಾಗುತ್ತಾರೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಹೊಸ ವಿಷಯ ಕಾಲಿಡುವುದು ಮೊದಲ ತಟ್ಟೆಯಿಂದ. ಅಲ್ಲಿ ಶಿಕ್ಷಕಿ ಮಕ್ಕಳ ಜೊತೆ ನೆಲದ ಮೇಲೆ ಕೂತು, ಒಂದೊಂದು ಮಗುವಿನ ತುಟಿ ನೋಡುತ್ತಾ, ಬೆರಳು ಹಿಡಿದು ಹೇಳಿಕೊಡಬೇಕು. ಶಿಕ್ಷಕಿ ಎದ್ದು ಹೋದರೆ ಮೊದಲ ತಟ್ಟೆ ಖಾಲಿಯಾದಂತೆಯೇ. ಮಿಕ್ಕ ನಾಲ್ಕು ತಟ್ಟೆಗಳು ಒಂದೆರಡು ದಿನ ಹಳೆಯದರ ಮೇಲೆ ನಡೆಯಬಹುದು, ಆಮೇಲೆ ಅವೂ ನಿಲ್ಲುತ್ತವೆ. ‘ನಲಿ-ಕಲಿಯಿಂದ ಮಕ್ಕಳಿಗೆ ಏನೂ ಬರುತ್ತಿಲ್ಲ, ತೆಗೆದುಹಾಕಿ’ ಎಂದು ಪೋಷಕರು ಹೇಳುವುದನ್ನು ನಾವು ಎಷ್ಟೋ ಊರಲ್ಲಿ ಕೇಳಿದ್ದೇವೆ. ಅವರ ಸಿಟ್ಟು ನಿಜ. ಆದರೆ ಅವರು ನೋಡುತ್ತಿರುವುದು ಶಿಕ್ಷಕರನ್ನು ಕಿತ್ತುಕೊಂಡ ಮೇಲೆ ಉಳಿದ ನಲಿ-ಕಲಿಯನ್ನು.

ಇಲ್ಲಿ ಕನ್ನಡ ಲಿಪಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡವರಾದ ನಮಗೆ ಅದು ಎಷ್ಟು ಕಷ್ಟಪಟ್ಟು ಬಂತು ಎಂಬುದು ಮರೆತುಹೋಗಿದೆ. ವರ್ಣಮಾಲೆಯಲ್ಲಿ ಇರುವುದು 49 ಅಕ್ಷರ ನಿಜ. ಆದರೆ 34 ವ್ಯಂಜನಗಳಿಗೆ ಹದಿನೈದು ರೂಪದಂತೆ ಕಾಗುಣಿತ ಬರೆದರೆ 510 ಆಕೃತಿಗಳಾಗುತ್ತವೆ. ಅದರ ಮೇಲೆ ಒತ್ತು. ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದರೆ ಮಗು ಊಹಿಸಿ ಓದಿಬಿಡುತ್ತದೆ, ‘ಅಕ್ಕ’ ‘ಹಳ್ಳ’ ಹಾಗೆಯೇ ಬಂದವು. ‘ಪುಸ್ತಕ’ದಲ್ಲಿ ಸಕಾರದ ಕೆಳಗೆ ತಕಾರ ಬೇರೆಯದೇ ವೇಷ ಹಾಕಿಕೊಂಡು ಕೂತಿದೆ. ಅದನ್ನು ಯಾರಾದರೂ ತೋರಿಸಿಕೊಡಬೇಕು, ಒಮ್ಮೆಯಲ್ಲ ಹತ್ತು ಸಲ. ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ ಸೊನಾಲಿ ನಾಗ್ ಅವರು ನಡೆಸಿದ ಅಧ್ಯಯನಗಳು ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಪ್ರಾಥಮಿಕ ತರಗತಿಗಳುದ್ದಕ್ಕೂ ನಿಧಾನವಾಗಿ ಸಾಗುವಂಥದ್ದು ಎಂದು ತೋರಿಸಿವೆ. ನಿತ್ಯದ ಅಭ್ಯಾಸದಿಂದ ಬರುವ ವಿದ್ಯೆ ಇದು. ಮನೆಯಲ್ಲಿ ಲಂಬಾಣಿಯನ್ನೋ ದಖನಿಯನ್ನೋ ತೆಲುಗನ್ನೋ ಆಡುವ ಮಗುವಿಗೆ ಆಸರೆ ಇನ್ನೂ ಕಡಿಮೆ. ಅದಕ್ಕೆ ಕನ್ನಡದ ಓದು ಸಿಗುವುದು ಶಾಲೆಯ ಕೆಲವು ಗಂಟೆಗಳಲ್ಲಿ ಮಾತ್ರ. ಒಂದು ವಾರ ತಪ್ಪಿದರೆ ಮುಂದಿನ ವಾರ ಮಗು ತಪ್ಪಿದ ಕಡೆಯಿಂದ ಶುರುಮಾಡುವುದಿಲ್ಲ, ಅದಕ್ಕಿಂತ ಹಿಂದಿನಿಂದ ಶುರುಮಾಡುತ್ತದೆ.

ಹೀಗೆ ವಾರಗಳು ತಪ್ಪುತ್ತಾ ಹೋದರೆ ಏನಾಗುತ್ತದೆ ಎಂಬುದು ಅಸರ್ ಸಮೀಕ್ಷೆಯಲ್ಲಿ ಕಾಣುತ್ತದೆ. ಹಳ್ಳಿಯ ಮನೆಮನೆಗೆ ಹೋಗಿ, ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸುವ ಸರಳ ಸಮೀಕ್ಷೆ ಅದು. ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 20.9 ಇದ್ದರು. ಕೋವಿಡ್ ಕಳೆದು 2022ಕ್ಕೆ ಅದು ಶೇ 16.3ಕ್ಕೆ ಕುಸಿಯಿತು. 2024ರಲ್ಲಿ ಶೇ 23.4 ಆಯಿತು. ಚೇತರಿಕೆ ಎಂದು ಇದನ್ನು ಸಂಭ್ರಮಿಸಿದವರಿದ್ದಾರೆ. ಏರಿದ್ದು ಸಂತೋಷವೇ. ಆದರೆ ನೂರು ಮಕ್ಕಳಲ್ಲಿ ಎಪ್ಪತ್ತಾರು ಮಕ್ಕಳು ತಮಗಿಂತ ಒಂದು ವರ್ಷ ಕೆಳಗಿನ ಪುಟವನ್ನು ಓದಲಾರರು ಎಂಬ ಮಾತೂ ಅದೇ ಅಂಕಿಯೊಳಗಿದೆ. ಐದನೇ ತರಗತಿಗೆ ಬಂದಾಗಲೂ ಸರ್ಕಾರಿ ಶಾಲೆಯ ಮಕ್ಕಳಲ್ಲಿ ಆ ಎರಡನೇ ತರಗತಿಯ ಪಠ್ಯ ಓದಬಲ್ಲವರು 2024ರಲ್ಲಿ ಶೇ 44.8 ಮಾತ್ರ. ಕರ್ನಾಟಕದ ಹಳ್ಳಿಗಳು ಈ ಚಿತ್ರದಿಂದ ಹೊರಗಿಲ್ಲ.

ಶಿಕ್ಷಕರು ಪಾಠ ಮಾಡುವುದಿಲ್ಲ, ಸಂಬಳ ಮಾತ್ರ ಎಣಿಸುತ್ತಾರೆ ಎಂಬ ಮಾತು ಇಂಥ ಅಂಕಿ ಬಂದಾಗಲೆಲ್ಲ ಎದ್ದುಬರುತ್ತದೆ. ಅಂಥವರು ಇದ್ದಾರೆ, ಅವರನ್ನು ಸಮರ್ಥಿಸುವ ಅಗತ್ಯ ನಮಗಿಲ್ಲ. ಆದರೆ ಪಾಠ ಮಾಡಬೇಕೆಂದು ಬೆಳಗ್ಗೆ ಮನೆ ಬಿಡುವ ಶಿಕ್ಷಕಿಗೆ ಪಾಠಕ್ಕೆ ಎಷ್ಟು ಹೊತ್ತು ಉಳಿಯುತ್ತಿದೆ ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಬೇಕು. ಆ ಸೋಮವಾರ ನಾವು ನೋಡಿದ್ದನ್ನು ಹೇಳುತ್ತೇವೆ. ಹಾಲಿನ ಪುಡಿ ಕಲಸುವುದರ ಉಸ್ತುವಾರಿ, ಬಿಸಿಯೂಟದ ಹಾಜರಿ, ಮೊಟ್ಟೆ ತಿನ್ನುವವರ ಮತ್ತು ಬಾಳೆಹಣ್ಣು ತಿನ್ನುವವರ ಪ್ರತ್ಯೇಕ ಲೆಕ್ಕ, ಅದರ ಫೋಟೊ, ಎಸ್‌ಎಟಿಎಸ್‌ನಲ್ಲಿ ವಿದ್ಯಾರ್ಥಿ ದಾಖಲೆಗಳ ಆನ್‌ಲೈನ್ ತಿದ್ದುಪಡಿ, ಅಪಾರ್ ಪಟ್ಟಿ. ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಗಿದ್ದು ಈ ನಾಡಿನ ಒಳ್ಳೆಯ ಕೆಲಸಗಳಲ್ಲೊಂದು. ಅಕ್ಷರ ದಾಸೋಹ, ಕ್ಷೀರ ಭಾಗ್ಯಗಳಿಂದ ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು ಎಂಬುದು ನಮಗೆ ಗೊತ್ತು. ಆ ಊಟವನ್ನು ಯಾರೂ ಕೈಬಿಡಬಾರದು. ಆದರೆ ಮೊಟ್ಟೆಯ ಲೆಕ್ಕ ಬರೆಯಲು ಓದು ಕಲಿಸುವವರೇ ಏಕೆ ಬೇಕು? ಪಂಚಾಯಿತಿಗೊಬ್ಬ ಗುಮಾಸ್ತನನ್ನು ಕೊಟ್ಟರೆ ಆಗುವ ಕೆಲಸ ಅದು. ಆ ದಿನ ಮಧ್ಯಾಹ್ನದವರೆಗೆ ಟೀಚರ್ ಮೊದಲ ತಟ್ಟೆಯಲ್ಲಿ ಕೂತಿದ್ದು ನಲವತ್ತು ನಿಮಿಷಕ್ಕಿಂತ ಹೆಚ್ಚಿರಲಿಲ್ಲ.

2025-26ನೇ ಸಾಲಿನಿಂದ ಈ ಹೊರೆಗೆ ಪಾಠ ಆಧಾರಿತ ಮೌಲ್ಯಾಂಕನ ಸೇರಿಕೊಂಡಿದೆ. ಪ್ರತಿ ಪಾಠ ಮುಗಿದ ಮೇಲೆ ಪರೀಕ್ಷೆ, ಅದರ ಅಂಕಗಳ ದಾಖಲೆ. ಮಗು ಎಲ್ಲಿದೆ ಎಂದು ತಿಳಿಯುವುದು ಒಳ್ಳೆಯದೇ, ನಲಿ-ಕಲಿಯ ಪ್ರಗತಿ ನೋಟ ಮಾಡುತ್ತಿದ್ದುದೂ ಅದನ್ನೇ. ಆದರೆ ಐದು ತರಗತಿಗೆ ಒಬ್ಬರೇ ಇರುವಲ್ಲಿ ಪ್ರತಿ ಪಾಠದ ಪರೀಕ್ಷೆಯೆಂದರೆ ಕಲಿಸುವ ಹೊತ್ತನ್ನು ಅಳೆಯುವ ಹೊತ್ತು ತಿನ್ನುತ್ತದೆ. ಎತ್ತಿಗೆ ಮೇವು ಹಾಕದೆ ದಿನಾ ತೂಕ ನೋಡಿದರೆ ಎತ್ತು ದಪ್ಪವಾಗುವುದಿಲ್ಲ ಎಂಬುದು ರೈತನಿಗೆ ಗೊತ್ತಿರುವ ವಿಷಯ. 5, 8 ಮತ್ತು 9ನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಮಾಡಬೇಕೇ ಎಂಬ ವಿವಾದ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಎರಡನೇ ತರಗತಿಯಲ್ಲಿ ಹಿಡಿದ ರೋಗವನ್ನು ಐದನೇ ತರಗತಿಯಲ್ಲಿ ಪತ್ತೆಹಚ್ಚಲು ಅಷ್ಟು ಹೋರಾಟ.

ಇನ್ನು ಕಾನೂನಿನ ಮಾತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ಆಗಲೇಬೇಕು ಎನ್ನುತ್ತದೆ. ಅರವತ್ತು ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ. ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇರುವುದು ಶೇ 10 ಮೀರಬಾರದು ಎನ್ನುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದರ 27ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಕಾಯ್ದೆ ಹೀಗೆ ಹೇಳಿದರೂ, ಕೇಂದ್ರ ಶಿಕ್ಷಣ ಸಚಿವಾಲಯದ 2024-25ರ ಅಂಕಿಅಂಶಗಳ ಪ್ರಕಾರ ದೇಶದಲ್ಲಿ 1,04,125 ಏಕೋಪಾಧ್ಯಾಯ ಶಾಲೆಗಳಿವೆ. ಅವುಗಳಲ್ಲಿ ಓದುತ್ತಿರುವ ಮಕ್ಕಳು 33 ಲಕ್ಷಕ್ಕೂ ಹೆಚ್ಚು. ಕರ್ನಾಟಕದ ಪಾಲು 7,349 ಶಾಲೆ. ಅಂದರೆ 7,349 ಕಡೆ ಟೀಚರ್‌ಗೆ ಜ್ವರ ಬಂದರೆ, ತರಬೇತಿಗೆ ಕರೆದರೆ, ತಾಲ್ಲೂಕು ಕಚೇರಿಗೆ ಹೋಗಬೇಕಾದರೆ ಆ ದಿನ ಶಾಲೆಯೇ ಇಲ್ಲ. ಇಲ್ಲವೇ ಪಕ್ಕದ ಊರಿನ ಶಿಕ್ಷಕರನ್ನು ಒಒಡಿ (ಅನ್ಯ ಕರ್ತವ್ಯ) ಮೇಲೆ ಕಳಿಸುತ್ತಾರೆ, ಆಗ ಪಕ್ಕದ ಊರಿನ ಮಕ್ಕಳು ಒಂಟಿಯಾಗುತ್ತಾರೆ. ಈ ಕೊರತೆ ತುಂಬಲು ಪ್ರತಿ ವರ್ಷ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲಾಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಸಿಗುವುದು ತಿಂಗಳಿಗೆ 12,000 ರೂಪಾಯಿ ಗೌರವಧನ, ಅದೂ ತಿಂಗಳುಗಟ್ಟಲೆ ತಡವಾಗಿ ಬರುವುದುಂಟು. ಮಾರ್ಚ್ ಕಳೆದರೆ ಅವರು ಮನೆಗೆ. ಒಂದನೇ ತರಗತಿಯಲ್ಲಿ ಮಗುವಿನ ಬೆರಳು ಹಿಡಿದವರು ಎರಡನೇ ತರಗತಿಗೆ ಇರುತ್ತಾರೆಂಬ ಭರವಸೆಯೇ ಇಲ್ಲ.

ಕಳೆದ ದಸರೆಯ ಸಂಗತಿಯನ್ನು ಮರೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮನೆಮನೆಗೆ ಹೋದವರು ಹೆಚ್ಚಾಗಿ ಸರ್ಕಾರಿ ಶಾಲಾ ಶಿಕ್ಷಕರು. ಅಕ್ಟೋಬರ್ 7ಕ್ಕೆ ರಜೆ ಮುಗಿಯಬೇಕಿತ್ತು. ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 8ರಿಂದ 18ರವರೆಗೆ ಮತ್ತೆ ರಜೆ ಕೊಟ್ಟರು. ನಡುವಿನ ಭಾನುವಾರ ಬಿಟ್ಟರೂ ಹತ್ತು ದಿನ. ಆಮೇಲೆ ದೀಪಾವಳಿ ಬಂತು. ಹಿಂದುಳಿದವರ ಸ್ಥಿತಿಗತಿ ತಿಳಿಯಲು ಸಮೀಕ್ಷೆ ಬೇಕು, ಅದನ್ನು ನಾವು ವಿರೋಧಿಸುವುದಿಲ್ಲ. ಸಾಮಾಜಿಕ ನ್ಯಾಯ ಅಂಕಿಅಂಶವಿಲ್ಲದೆ ಆಗುವುದಿಲ್ಲ. ಆದರೆ ಆ ಹತ್ತು ದಿನದ ಬೆಲೆ ತೆತ್ತವರು ಯಾರು ಎಂದು ನೋಡಿ. ಖಾಸಗಿ ಶಾಲೆಗಳ ಮಕ್ಕಳು ತರಗತಿಯಲ್ಲಿದ್ದರು. ಹೊಲದಲ್ಲಿ, ಕೂಲಿಯಲ್ಲಿ ದುಡಿಯುವವರ ಮಕ್ಕಳು, ಯಾವ ಹಿಂದುಳಿದ ಮನೆಗಳನ್ನು ಎಣಿಸಲು ಆ ಸಮೀಕ್ಷೆ ಹೊರಟಿತ್ತೋ ಆ ಮನೆಗಳ ಮಕ್ಕಳು, ಪಾಠವಿಲ್ಲದೆ ಬೀದಿಯಲ್ಲಿದ್ದರು. ಅವರ ಹಿಂದುಳಿದಿರುವಿಕೆಯನ್ನು ದಾಖಲಿಸಲು ಅವರ ಟೀಚರನ್ನೇ ಕರೆದೊಯ್ದೆವು. ಇದು ಅನ್ಯಾಯ. ಯಾವ ಪಕ್ಷದ ಸರ್ಕಾರ ಮಾಡಿದರೂ ಅನ್ಯಾಯವೇ. ಮುಂದೆ ಜನಗಣತಿ ಇದೆ, ಮತದಾರರ ಪಟ್ಟಿಯ ಕೆಲಸವಿದೆ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವ ಶಿಕ್ಷಕರಿಗೆ ಅದು ಮುಗಿಯುವುದೇ ಇಲ್ಲ. ಇವುಗಳಿಗೆ ಕಾನೂನಿನ ಅನುಮತಿ ಇದೆ ನಿಜ. ಆದರೆ ಕಾನೂನು ಕೊಟ್ಟ ಬಾಗಿಲು ಇಷ್ಟು ಅಗಲವಾದರೆ ಮಗುವಿಗೆ ಉಳಿಯುವುದೇನು?

ಈ ಎಲ್ಲದರ ನಡುವೆ ನಾಡಿನ ಓದುಬಲ್ಲ ನಾವು ಏನು ಮಾಡುತ್ತಿದ್ದೆವು? ಪಠ್ಯಪುಸ್ತಕದ ಬಗ್ಗೆ ಜಗಳವಾಡುತ್ತಿದ್ದೆವು. 2022ರ ಬೇಸಿಗೆಯಲ್ಲಿ ಪಠ್ಯ ಪರಿಷ್ಕರಣೆಯ ವಿವಾದ ಹೊತ್ತಿ ಉರಿಯಿತು. ಯಾರ ಪಾಠ ಬಿಟ್ಟರು, ಯಾರದ್ದು ಸೇರಿಸಿದರು ಎಂದು ಸಾಹಿತಿಗಳು ಬೀದಿಗಿಳಿದರು, ಪತ್ರಿಕೆಗಳು ಪುಟ ತುಂಬಿಸಿದವು. ನಾವೂ ಬರೆದೆವು, ಬರೆಯಬೇಕಾದದ್ದೇ ಆಗಿತ್ತು. ಮಕ್ಕಳ ಕೈಗೆ ಎಂಥ ಪುಸ್ತಕ ಹೋಗಬೇಕು ಎಂಬುದು ಸಣ್ಣ ವಿಷಯವಲ್ಲ. ಆದರೆ ಅದೇ ವರ್ಷ ಆಗಿನ ಸರ್ಕಾರ 2022-23ನ್ನು ‘ಕಲಿಕಾ ಚೇತರಿಕೆ’ ವರ್ಷ ಎಂದು ಘೋಷಿಸಿತ್ತು. ಎರಡು ವರ್ಷ ಶಾಲೆ ಮುಚ್ಚಿದ್ದರಿಂದ ಮಕ್ಕಳು ಅಕ್ಷರ ಮರೆತಿದ್ದಾರೆ, ಹಿಂದಿನದನ್ನು ಮತ್ತೆ ಕಲಿಸಬೇಕು ಎಂಬ ಕಾರ್ಯಕ್ರಮ ಅದು. ಅದಕ್ಕೆ ಎಷ್ಟು ಶಿಕ್ಷಕರಿದ್ದಾರೆ, ಕಲಿಕಾ ಹಾಳೆಗಳು ಶಾಲೆಗೆ ಮುಟ್ಟಿದವೇ, ವರ್ಷದ ಕೊನೆಗೆ ಎಷ್ಟು ಮಕ್ಕಳು ಓದಿದರು ಎಂದು ಪಠ್ಯದ ಜಗಳದ ಹತ್ತರಲ್ಲೊಂದು ಸದ್ದಿನಿಂದಲೂ ಯಾರೂ ಕೇಳಲಿಲ್ಲ. ಪುಸ್ತಕದೊಳಗೆ ಯಾರಿರಬೇಕೆಂದು ಎರಡೂ ಕಡೆಯವರು ಗುದ್ದಾಡುವಾಗ ಆ ಪುಸ್ತಕವನ್ನು ಬಿಡಿಸಿ ಓದಲಾರದ ಮಗು ಎರಡೂ ಕಡೆಯವರ ಕಣ್ಣಿಗೆ ಬೀಳಲಿಲ್ಲ. ಈ ಪತ್ರಿಕೆಯ ಕಣ್ಣಿಗೂ ಬೀಳಲಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ.

ಬೋಧನಾ ಮಾಧ್ಯಮದ ಪ್ರಶ್ನೆಯೂ ಹಾಗೆಯೇ ಆಗಿದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಡುವ ದಾರಿ ಮುಚ್ಚಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು, ಆಮೇಲೆ ಸಂಖ್ಯೆ ಬೆಳೆಯುತ್ತಲೇ ಹೋಯಿತು. ಪೋಷಕರು ಕೇಳುತ್ತಾರೆ, ಕೊಡುತ್ತೇವೆ ಎಂಬುದು ಸರ್ಕಾರದ ವಾದ. ಕನ್ನಡದಲ್ಲೇ ‘ಪುಸ್ತಕ’ ಎಂದು ಓದಲು ಯಾರೂ ಕಲಿಸದ ಶಾಲೆಯಲ್ಲಿ ಬೋರ್ಡು ಬದಲಾದರೆ ಇಂಗ್ಲಿಷ್ ಓದಿಸುವವರು ಎಲ್ಲಿಂದ ಬರುತ್ತಾರೆ? ಹೆಚ್ಚಿನ ಕಡೆ ಅದೇ ಶಿಕ್ಷಕರು, ಅದೇ ಕೋಣೆ, ಒಂದಿಷ್ಟು ದಿನದ ತರಬೇತಿ. ಕನ್ನಡದ ಅಳಿವು-ಉಳಿವಿನ ಬಗ್ಗೆ ಮಾತಾಡುವವರು ಮೊದಲು ನೋಡಬೇಕಾದದ್ದು ಎರಡನೇ ತರಗತಿಯ ಕೋಣೆಯನ್ನು. ಎಂಟು ವರ್ಷಕ್ಕೆ ಕನ್ನಡ ಓದಲು ಬಾರದ ಮಗು ಹದಿನೆಂಟಕ್ಕೆ ಕನ್ನಡದ ಪುಸ್ತಕ ಕೊಳ್ಳುವುದಿಲ್ಲ, ಕನ್ನಡದ ಪತ್ರಿಕೆ ಬಿಡಿಸುವುದಿಲ್ಲ.

ಬೇಕಾಗಿರುವುದು ಹೊಸ ಯೋಜನೆಯಲ್ಲ. ಓದು ಕರ್ನಾಟಕ, ಕಲಿಕಾ ಚೇತರಿಕೆ, ಗಣಿತ ಗಣಕ ಎಂದು ಹೆಸರುಗಳಿಗೆ ಈ ನಾಡಿನಲ್ಲಿ ಬರವಿಲ್ಲ, ಅವುಗಳಲ್ಲಿ ಒಳ್ಳೆಯವೂ ಇದ್ದವು. ಕಾಯ್ದೆ ಹದಿನೈದು ವರ್ಷದಿಂದ ಹೇಳುತ್ತಿರುವುದನ್ನು ಮಾಡಿದರೆ ಸಾಕು. ಯಾವ ಶಾಲೆಯೂ ಒಬ್ಬರೇ ಶಿಕ್ಷಕರ ಮೇಲೆ ನಿಲ್ಲಬಾರದು. ಖಾಲಿ ಹುದ್ದೆಗಳಿಗೆ ಕಾಯಂ ನೇಮಕವಾಗಬೇಕು. ಅತಿಥಿ ಶಿಕ್ಷಕರು ತುರ್ತಿಗೆ ಇರಲಿ, ವ್ಯವಸ್ಥೆಯ ಕಂಬವಾಗುವುದು ಬೇಡ. ಒಂದರಿಂದ ಮೂರನೇ ತರಗತಿಯ ಶಿಕ್ಷಕರನ್ನು ಶಾಲಾ ವೇಳೆಯಲ್ಲಿ ಯಾವ ಸಮೀಕ್ಷೆಗೂ ಯಾವ ಪಟ್ಟಿಗೂ ಕರೆಯುವುದಿಲ್ಲ ಎಂದು ಸರ್ಕಾರ ಆದೇಶ ಹೊರಡಿಸಬೇಕು, ಆ ಆದೇಶ ಮುರಿದ ಅಧಿಕಾರಿಯ ಮೇಲೆ ಕ್ರಮವಾಗಬೇಕು. ಬೆಳಗಿನ ಎರಡು ಗಂಟೆ ಯಾವ ಕಚೇರಿಯೂ ಶಾಲೆಗೆ ಫೋನು ಮಾಡಬಾರದು. ಇದಕ್ಕೆ ದುಡ್ಡು ಬೇಡ.

ಸರ್ಕಾರಕ್ಕಾಗಿ ಕಾಯದೆ ಮಾಡಬಹುದಾದ್ದೂ ಒಂದಿದೆ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಹುಟ್ಟಿದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪ್ರತಿ ಶಾಲೆಯಲ್ಲೂ ಇವೆ. ಬಹಳ ಕಡೆ ಸಭೆಯೆಂದರೆ ನಡಾವಳಿ ಪುಸ್ತಕಕ್ಕೆ ಸಹಿ. ಸದಸ್ಯರಾಗಿರುವ ತಂದೆತಾಯಂದಿರಲ್ಲಿ ನಮ್ಮದೊಂದು ಕೋರಿಕೆ: ಈ ಶನಿವಾರ ಶಾಲೆಗೆ ಹೋಗಿ. ಕಾಂಪೌಂಡು, ಬಣ್ಣ, ಶೂ-ಸಾಕ್ಸು ಎಲ್ಲವನ್ನೂ ಒಂದು ದಿನ ಬದಿಗಿಡಿ. ಎರಡನೇ ಮತ್ತು ಮೂರನೇ ತರಗತಿಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಪುಸ್ತಕದ ಒಂದು ಪುಟ ಓದಿಸಿ. ನಿಮಗೆ ಓದು ಬಾರದಿದ್ದರೂ ಮಗು ತಡವರಿಸುತ್ತಿದೆಯೇ ಇಲ್ಲವೇ ಎಂದು ಕಿವಿಗೆ ಗೊತ್ತಾಗುತ್ತದೆ. ಟೀಚರನ್ನು ಗದರಬೇಡಿ, ಈ ವಾರ ಅವರನ್ನು ತರಗತಿಯಿಂದ ಎಷ್ಟು ಸಲ ಎಬ್ಬಿಸಿದರು ಎಂದು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕಳಿಸಿ.

ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಓದಿ ಅರ್ಥಮಾಡಿಕೊಳ್ಳಬೇಕು, ಸರಳ ಲೆಕ್ಕ ಮಾಡಬೇಕು ಎಂದು 2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಯೋಜನೆ ಹಾಕಿಕೊಂಡ ಗಡುವು 2026-27. ನಾವು ಕಂಡ ಆ ಹುಡುಗಿ ಬರುವ ಬೇಸಿಗೆ ರಜೆ ಕಳೆದು ಮೂರಕ್ಕೆ ಹೋಗುತ್ತಾಳೆ, ಅದರ ಮರುವರ್ಷ ನಾಲ್ಕಕ್ಕೆ. ನಾಲ್ಕನೇ ತರಗತಿಯಲ್ಲಿ ಏಣಿಯಿಲ್ಲ, ತಟ್ಟೆಯಿಲ್ಲ, ಕಾರ್ಡಿಲ್ಲ. ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್ ಎಂದು ನಾಲ್ಕು ಪುಸ್ತಕಗಳನ್ನು ಅವಳ ಕೈಗೆ ಕೊಡುತ್ತಾರೆ.